ಮಿಶಿಗನ್‌ನಲ್ಲಿ ಒಂದು ಮರಸು

‘ಮರದ ಮೇಲೆ ಕೂತು ಬಿಲ್ಲಿನಿಂದ ಜಿಂಕೆ ಬೇಟೆ ಆಡಿದ ಕನ್ನಡಿಗರು ಯಾರಾದರೂ ಇದ್ದೀರಾ? ಮರೆಯಲಾಗದ ದಿನ ಯಾವುದು?’ ಎಂದು ಕೇಳಿದ್ದೀರಿ. ಇದ್ದೇನೆ. ದಿನವೂ ನೆನಪಿದೆ. 2023ರ ನವೆಂಬರ್ 10, ಶುಕ್ರವಾರ. ನನ್ನ ಬಾಣ ತಪ್ಪಿದ ದಿನ. ಪೂರ್ತಿ ತಪ್ಪಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಇದು ಅಮೆರಿಕದ ಮಿಶಿಗನ್ ರಾಜ್ಯದ ಮಾತು, ಲೈಸೆನ್ಸ್ ತೆಗೆದುಕೊಂಡು ಆಡಿದ ಬೇಟೆ. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸಾರಗ, ಕಡವೆ ಹೊಡೆದರೆ ಜೈಲು. ಇದನ್ನು ಓದಿ ಯಾರಿಗಾದರೂ ಕೈ ತುರಿಸಿದರೆ ಅದು ನನ್ನ ತಲೆಗೆ ಬೇಡ.

ನಾನು ತೀರ್ಥಹಳ್ಳಿ ಕಡೆಯವನು. ಮರದ ಮೇಲೆ ಅಡಗಿ ಕೂತು ಪ್ರಾಣಿ ಬರುವುದನ್ನು ಕಾಯುವುದಕ್ಕೆ ನಮ್ಮಲ್ಲಿ ‘ಮರಸು ಕೂರುವುದು’ ಅನ್ನುತ್ತಾರೆ. ನಾನು ನೋಡಿದ್ದು ಗದ್ದೆಯಂಚಿನ ಅಟ್ಟಣೆ ಮಾತ್ರ. ಭತ್ತಕ್ಕೆ ಹಂದಿ ಬರದಂತೆ ರಾತ್ರಿಯಿಡೀ ಡಬ್ಬ ಬಡಿಯುತ್ತಾ ಕೂರುವುದು. ಬೇಟೆಯ ಮರಸು ಅಜ್ಜನ ಕಾಲಕ್ಕೇ ಮುಗಿದಿತ್ತು. ಅಪ್ಪನ ಬಾಯಲ್ಲಿ ಕಥೆ ಕೇಳಿದ್ದೆ ಅಷ್ಟೇ. ಹಾಗಾಗಿ ಇಲ್ಲಿ ಸಹೋದ್ಯೋಗಿಯೊಬ್ಬರು ಮೊದಲ ಸಲ ‘ಟ್ರೀ ಸ್ಟ್ಯಾಂಡ್’ ತೋರಿಸಿದಾಗ ನಗು ಬಂತು. ಅಯ್ಯೋ, ಇದು ನಮ್ಮ ಮರಸೇ ಅಲ್ವಾ! ಕಬ್ಬಿಣದ ಪುಟ್ಟ ಮಣೆ, ಕಾಲಿಡಲು ಜಾಲರಿ, ಮರಕ್ಕೆ ಕಟ್ಟಲು ಬೆಲ್ಟು.

ಆ ಸಹೋದ್ಯೋಗಿ ನಿವೃತ್ತರಾಗಿ ಈಗ ಎಪ್ಪತ್ತು ದಾಟಿದ್ದಾರೆ. ನಾನು ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ, ಅವರಿಗೆ ಅರ್ಥ ಗೊತ್ತಿಲ್ಲ. ಗ್ರ್ಯಾಂಡ್ ರ್‍ಯಾಪಿಡ್ಸ್‌ನಿಂದ ಮುಕ್ಕಾಲು ಗಂಟೆ ದೂರದಲ್ಲಿ ಅವರ ಮೆಕ್ಕೆಜೋಳದ ಹೊಲ. ಹೊಲದ ಹಿಂದೆ ಓಕ್, ಮೇಪಲ್ ಮರಗಳ ತೋಪು. ಅದರಾಚೆ ಜೌಗು. ಜಿಂಕೆಗಳು ಹಗಲು ಜೌಗಿನಲ್ಲಿ ಮಲಗಿ, ರಾತ್ರಿ ಹೊಲ ಮೇದು, ಬೆಳಗಾಗುವ ಹೊತ್ತಿಗೆ ತೋಪು ಹಾದು ವಾಪಸ್ ಹೋಗುತ್ತವೆ. ನಮ್ಮೂರ ಹಂದಿಗಳ ದಿನಚರಿಯೇ.

ಬಂದೂಕು ಬಿಟ್ಟು ಬಿಲ್ಲು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಕಾರಣ, ವೀಸಾದ ಮೇಲಿದ್ದಾಗ ಬಂದೂಕಿನ ಗೊಡವೆಯೇ ಬೇಡ ಅನಿಸಿತ್ತು. ಎರಡನೆಯದು, ಯಜಮಾನರ ಶೆಡ್ಡಿನ ಗೋಡೆಯಲ್ಲಿ ನೇತುಹಾಕಿದ್ದ ಫ್ರೆಡ್ ಬೇರ್ ಕಂಪನಿಯ ಹಳೇ ಮರದ ಬಿಲ್ಲು. ಆ ಕಾರ್ಖಾನೆ ಇದೇ ರಾಜ್ಯದ ಗ್ರೇಲಿಂಗ್‌ನಲ್ಲಿತ್ತು, 1978ರಲ್ಲಿ ಫ್ಲೋರಿಡಾಕ್ಕೆ ಹೋಯಿತು. ಅದನ್ನು ಅವರು ಈಗಲೂ ಬೇಸರದಿಂದ ಹೇಳುತ್ತಾರೆ, ಮಗಳನ್ನು ದೂರದ ಊರಿಗೆ ಕೊಟ್ಟವರ ಹಾಗೆ.

ನನ್ನದು ಕಾಂಪೌಂಡ್ ಬಿಲ್ಲು. ರಾಮಾಯಣದ ಬಿಲ್ಲು ಅಂದುಕೊಳ್ಳಬೇಡಿ. ಎರಡು ತುದಿಯಲ್ಲೂ ರಾಟೆಯಂಥ ಕ್ಯಾಮ್‌ಗಳಿರುತ್ತವೆ. ಮಿಸೌರಿಯ ಹೋಲಿಸ್ ವಿಲ್ಬರ್ ಆಲೆನ್ ಎಂಬಾತ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ನನ್ನ ಬಿಲ್ಲಿನ ಸೆಳೆತ 60 ಪೌಂಡು. ಎಳೆಯಲು ಶುರು ಮಾಡಿದಾಗ ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ. ಪೂರ್ತಿ ಎಳೆದಾಗ ಕ್ಯಾಮ್ ತಿರುಗಿಬಿಡುತ್ತದೆ, ಕೈಯಲ್ಲಿ ಉಳಿಯುವುದು 12 ಪೌಂಡು. ಜಿಂಕೆ ಪೊದೆಯ ಹಿಂದೆ ನಿಂತರೆ ಒಂದು ನಿಮಿಷ ಹಿಡಿದುಕೊಂಡು ಕಾಯಬಹುದು.

ಬಿಲ್ಲು ಕೊಂಡ ಕೂಡಲೇ ಕಾಡಿಗೆ ಹೋಗುವಂತಿಲ್ಲ. ಮಿಶಿಗನ್‌ನಲ್ಲಿ 1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಸೇಫ್ಟಿ ತರಗತಿ ಮುಗಿಸಬೇಕು. ನನ್ನ ತರಗತಿಯಲ್ಲಿ ಜಾಸ್ತಿ ಇದ್ದವರು ಹತ್ತು-ಹನ್ನೆರಡು ವರ್ಷದ ಮಕ್ಕಳು. ಪಕ್ಕದ ಹುಡುಗಿ ನನಗಿಂತ ಮೊದಲು ಉತ್ತರ ಬರೆದು, ನನ್ನ ಪೇಪರ್ ಕಡೆ ನೋಡಿ, ಪಾಪ ಅನ್ನುವ ಹಾಗೆ ನಕ್ಕಳು. ಆಮೇಲೆ ಎರಡು ಬೇಸಿಗೆ ಪೂರ್ತಿ ಹುಲ್ಲಿನ ಚೀಲಕ್ಕೆ ಬಾಣ ಹೊಡೆದೆ.

ಇನ್ನು ಆ ದಿನ. ಬಿಲ್ಲಿನ ಮೊದಲ ಸೀಸನ್ ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ. 15ರಿಂದ ಬಂದೂಕಿನವರು ಬರುತ್ತಾರೆ. ನವೆಂಬರ್ ಮೊದಲರ್ಧದಲ್ಲಿ ಇಲ್ಲಿನ ಬಿಳಿಬಾಲದ ಜಿಂಕೆಗಳಿಗೆ ಬೆದೆಯ ಕಾಲ. ಗಂಡುಗಳು ಊಟ ನಿದ್ದೆ ಬಿಟ್ಟು ಹಗಲಲ್ಲೂ ಅಲೆಯುತ್ತವೆ. ಆ ಭಾನುವಾರವೇ ದೀಪಾವಳಿ. ‘ಶನಿವಾರ ನೀರು ತುಂಬುವ ಹಬ್ಬಕ್ಕೆ ಮನೆಯಲ್ಲಿರಬೇಕು, ಹಬ್ಬ ಮುಗಿಯುವವರೆಗೆ ಮಾಂಸ ಒಳಗೆ ಬರಬಾರದು’ ಎಂದು ಹೆಂಡತಿಯ ಷರತ್ತು. ಹಾಗಾಗಿ ಶುಕ್ರವಾರ ರಜೆ ಹಾಕಿದೆ.

ಆರು ಗಂಟೆಗೆ ಮರದ ಬುಡದಲ್ಲಿದ್ದೆ. ಕಗ್ಗತ್ತಲು. ಮೈಗೆ ಹಾರ್ನೆಸ್, ಅಂದರೆ ಜಾರಿದರೆ ಹಿಡಿಯುವ ಬೆಲ್ಟು, ಕಟ್ಟಿ, ಮರದ ಉದ್ದಕ್ಕೂ ಇಳಿಬಿಟ್ಟ ಹಗ್ಗಕ್ಕೆ ಕೊಕ್ಕೆ ಹಾಕಿ, ಹದಿನೆಂಟು ಅಡಿ ಹತ್ತಿದೆ. ಬಿಲ್ಲನ್ನು ಆಮೇಲೆ ದಾರದಲ್ಲಿ ಮೇಲೆಳೆದುಕೊಂಡೆ. ಈ ಹಾರ್ನೆಸ್ ಬೇಡ ಅನ್ನುವವರ ಮಾತು ಮಾತ್ರ ಕೇಳಬೇಡಿ. ಅಡಿಕೆ ಮರ ಹತ್ತುವವರ ಊರಿನವನು ನಾನು, ಬಿದ್ದವರನ್ನು ನೋಡಿದ್ದೇನೆ.

ಗಾಳಿ ವಾಯವ್ಯದಿಂದ ಮುಖಕ್ಕೆ ಬೀಸುತ್ತಿತ್ತು. ಅದೇ ಬೇಕಾದದ್ದು. ನಮ್ಮ ವಾಸನೆ ಹಿಂದಕ್ಕೆ ಹೋಗಬೇಕು. ಮರದ ಮೇಲೆ ಕೂರುವುದೇ ಅದಕ್ಕೆ, ಜಿಂಕೆಯ ಕಣ್ಣಿಗೂ ಮೂಗಿಗೂ ಸ್ವಲ್ಪ ಮೇಲಿರಲಿ ಅಂತ. ಏಳೂವರೆ ಹೊತ್ತಿಗೆ ಸೂರ್ಯ ಬಂದ. ಸ್ಯಾಂಡ್‌ಹಿಲ್ ಕೊಕ್ಕರೆಗಳ ಹಿಂಡೊಂದು ಗರಗರ ಕೂಗುತ್ತಾ ತೆಂಕಲಿಗೆ ಹೋಯಿತು. ಒಣ ಎಲೆಯಲ್ಲಿ ಹೆಜ್ಜೆ ಸಪ್ಪಳ. ಎದೆ ಹೊಡೆದುಕೊಂಡಿತು. ಅಳಿಲು. ಮತ್ತೆ ಸಪ್ಪಳ. ಮತ್ತೆ ಅಳಿಲು. ಒಂದೂವರೆ ಗಂಟೆಯಲ್ಲಿ ಅದೇ ಅಳಿಲು ನನಗೆ ಹನ್ನೊಂದು ಸಲ ಮೋಸ ಮಾಡಿತು.

ಎಂಟೂ ಮುಕ್ಕಾಲಿಗೆ ಹೆಣ್ಣು ಜಿಂಕೆಯೊಂದು ಹೊಲದ ಕಡೆಯಿಂದ ಸರ್ರನೆ ಹಾದು ಹೋಯಿತು. ಬಾಲ ಅಡ್ಡಕ್ಕೆ ಹಿಡಿದಿತ್ತು. ನಿಮಿಷದೊಳಗೆ ಹಿಂದಿನಿಂದ ಹಂದಿ ಗುರುಗುಟ್ಟಿದಂಥ ಸದ್ದು. ಗಂಡು. ಮೂಗು ನೆಲಕ್ಕಿಟ್ಟು ನಾಯಿಯ ಹಾಗೆ ವಾಸನೆ ಹಿಡಿದು ಬರುತ್ತಿತ್ತು. ಆರು ಕವಲಿನ ಕೊಂಬು. ನಾನು ಎದ್ದು ನಿಂತದ್ದು, ಬಿಲ್ಲು ಎಳೆದದ್ದು ನನಗೇ ಗೊತ್ತಾಗಲಿಲ್ಲ. ಅದು ನಿಲ್ಲುವ ಲಕ್ಷಣ ಇರಲಿಲ್ಲ. ಇಂಥ ಹೊತ್ತಲ್ಲಿ ಬಾಯಿಂದ ಸದ್ದು ಮಾಡಿ ನಿಲ್ಲಿಸುತ್ತಾರೆ. ಯಜಮಾನರು ಹೇಳಿಕೊಟ್ಟಿದ್ದರು. ನನ್ನ ಬಾಯಿಂದ ಬಂದದ್ದು ಮಾತ್ರ ಊರಿನ ಆಡಿನ ಶುದ್ಧ ‘ಮ್ಯಾ’. ಜಿಂಕೆ ಗಕ್ಕನೆ ನಿಂತು ತಲೆ ಎತ್ತಿತು. ಇಪ್ಪತ್ತೆರಡು ಗಜ. ಬಿಟ್ಟೆ.

ಬಾಣದ ಬೇಟೆ ಬಂದೂಕಿನಂತಲ್ಲ, ಹೊಡೆತಕ್ಕೆ ಪ್ರಾಣಿ ಬೀಳುವುದಿಲ್ಲ. ಬಾಣದ ತುದಿಯಲ್ಲಿ ಬ್ಲೇಡುಗಳಿರುತ್ತವೆ, ರಕ್ತ ಹೋಗಿಯೇ ಸಾಯಬೇಕು. ಮುಂಗಾಲಿನ ಹಿಂದೆ ಊಟದ ತಟ್ಟೆಯಷ್ಟು ಜಾಗವಿದೆ. ಅಲ್ಲಿ ಬಿದ್ದರೆ ಎರಡೂ ಶ್ವಾಸಕೋಶ ಹೋಗುತ್ತದೆ, ನೂರು ಗಜದೊಳಗೆ ಕೆಲವೇ ಸೆಕೆಂಡಿನಲ್ಲಿ ಕಥೆ ಮುಗಿಯುತ್ತದೆ. ನನ್ನ ಬಾಣ ಸೆಕೆಂಡಿಗೆ ಸುಮಾರು 270 ಅಡಿ ಹೋಗುತ್ತದೆ, ಬಿಲ್ಲಿನ ಸದ್ದು 1,100 ಅಡಿ. ಅಂದರೆ ಸದ್ದು ಮೊದಲು ಮುಟ್ಟುತ್ತದೆ. ಆ ಕಾಲು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಬೆಚ್ಚಿದ ಜಿಂಕೆ ನೆಗೆಯಲು ಕುಗ್ಗಬಹುದು. ಆ ನೆಪ ನನಗಿತ್ತು. ನಿಜ ಹೇಳಬೇಕೆಂದರೆ, ಮೇಲಿನಿಂದ ಹೊಡೆಯುವಾಗ ಸೊಂಟ ಬಗ್ಗಿಸಬೇಕು, ನಾನು ಬರೀ ಕೈ ಇಳಿಸಿ ಹೊಡೆದೆ. ಎರಡು ಬೇಸಿಗೆ ಕಲಿತದ್ದು ಕೊಂಬು ಕಂಡ ಕೂಡಲೇ ಹಾರಿಹೋಯಿತು. ಇದಕ್ಕೆ ಇಲ್ಲಿ ಬಕ್ ಫೀವರ್ ಎಂದೇ ಹೆಸರಿದೆ.

ಬಾಣ ಒಂದು ಗೇಣು ಹಿಂದಕ್ಕೆ ಬಿತ್ತು. ಜಿಂಕೆ ಬೆನ್ನು ಗೂನು ಮಾಡಿಕೊಂಡು ನಾಲ್ಕು ನೆಗೆತ ಹಾಕಿ, ಆಮೇಲೆ ನಡೆಯುತ್ತಾ ಪೊದೆಗಳ ಹಿಂದೆ ಮರೆಯಾಯಿತು. ಓಡಲಿಲ್ಲ, ನಡೆಯಿತು. ಅದೇ ಕೆಟ್ಟ ಸೂಚನೆ.

ಕಾಲು ನಡುಗುತ್ತಿತ್ತು. ಇಂಥ ಹೊಡೆತದ ಮೇಲೆ ಅಲ್ಲಾಡದೆ ಕೂರಬೇಕು ಎಂದು ಪುಸ್ತಕದಲ್ಲಿ ಓದಿದ್ದೆ, ತರಗತಿಯಲ್ಲಿ ಕೇಳಿದ್ದೆ, ಆ ಹನ್ನೆರಡರ ಹುಡುಗಿಗೂ ಗೊತ್ತಿತ್ತು. ನಾನು ಹತ್ತೇ ನಿಮಿಷಕ್ಕೆ ಇಳಿದುಬಿಟ್ಟೆ. ಬಾಣ ನೋಡಿಬಿಡೋಣ ಅಂತ, ಸುಮ್ನೆ. ಏಣಿಯ ಮೆಟ್ಟಿಲಿಗೆ ಬಕಲ್ ತಾಗಿ ಠಣ್ ಎಂದಿತು. ಬಾಣ ಎಲೆಗಳ ನಡುವೆ ನೆಟ್ಟಿತ್ತು. ರಕ್ತ ಕಪ್ಪುಗೆಂಪು, ಒಂದು ಗುಳ್ಳೆಯೂ ಇಲ್ಲ. ಶ್ವಾಸಕೋಶವಾದರೆ ತಿಳಿಗೆಂಪು, ನೊರೆ ಇರುತ್ತದೆ. ಇದು ಯಕೃತ್ತು, ನಮ್ಮೂರ ಮಾತಲ್ಲಿ ಕಲೀಜ. ಸಾಯುವುದು ಖಚಿತ, ಆದರೆ ಗಂಟೆಗಟ್ಟಲೆ ಬೇಕು. ಬೆನ್ನು ಹತ್ತಿದರೆ ಮೈಲುಗಟ್ಟಲೆ ಹೋಗುತ್ತದೆ.

ಯಜಮಾನರಿಗೆ ಫೋನ್ ಮಾಡಿದೆ. ಬಂದವರು ಬಾಣ ಮೂಸಿ ನೋಡಿ, ‘ಹೊಟ್ಟೆಯಲ್ಲ, ಪುಣ್ಯ’ ಎಂದರು. ‘ಹೊಡೆದ ಮೇಲೆ ಎಷ್ಟು ಹೊತ್ತಿಗೆ ಇಳಿದೆ?’

‘ಅರ್ಧ ಗಂಟೆ.’

ಯಾಕೆ ಸುಳ್ಳು ಹೇಳಿದೆನೋ. ಐದು ಗಂಟೆ ಕಾಯೋಣ ಎಂದರು. ಅವರ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದೆ, ರುಚಿ ಗೊತ್ತಾಗಲಿಲ್ಲ. ಚಳಿ ಇದ್ದುದರಿಂದ ಮಾಂಸ ಕೆಡುವ ಭಯವಿರಲಿಲ್ಲ, ತೋಳದ ಜಾತಿಯ ಕಯೋಟಿಗಳ ಭಯವಿತ್ತು. ಎಲ್ಲಕ್ಕಿಂತ ಜಾಸ್ತಿ, ಆ ಜೌಗಿನಲ್ಲಿ ಅದು ಹೇಗಿದೆಯೋ ಎಂಬ ಯೋಚನೆ. ಅದನ್ನು ಬರೆದು ವಿವರಿಸಲು ಹೋಗುವುದಿಲ್ಲ.

ಎರಡು ಗಂಟೆಗೆ ನಾಯಿ ಬಂತು. ಗಾಯದ ಜಿಂಕೆ ಹುಡುಕಲು ಇಲ್ಲಿ ತರಬೇತಿ ಕೊಟ್ಟ ನಾಯಿಗಳನ್ನು ಕರೆಸಬಹುದು, ಹಗ್ಗ ಮಾತ್ರ ಬಿಡುವಂತಿಲ್ಲ. ಅಪ್ಪನ ಕಥೆಗಳಲ್ಲಿ ಬೇಟೆ ನಾಯಿ ಅಂದರೆ ಹಂದಿಗೆ ಎದೆ ಕೊಡುವ ಜಾತಿ. ಇಲ್ಲಿ ಕಾರಿನಿಂದ ಇಳಿದದ್ದು ಮೊಣಕಾಲಿಗೂ ಬಾರದ, ಗಡ್ಡ ಬಿಟ್ಟ ಡ್ಯಾಶ್‌ಹೂಂಡ್. ಒಡತಿ ಶಾಲೆಯ ಬಸ್ಸು ಓಡಿಸುವ ಹೆಂಗಸು. ನಾಯಿ ಬಾಣ ಬಿದ್ದ ಜಾಗ ಮೂಸಿತು, ನನ್ನ ಬೂಟು ಮೂಸಿತು, ಮೂವತ್ತು ಅಡಿಯ ಹಗ್ಗ ಎಳೆದುಕೊಂಡು ಹೊರಟಿತು.

ಅರವತ್ತು ಗಜಕ್ಕೇ ನಿಂತಿತು. ಬಿದ್ದ ಮರವೊಂದರ ಹಿಂದೆ ಎಲೆಗಳು ಅಮುಕಿ ಗುಂಡಗಾಗಿದ್ದವು. ನಡುವೆ ಹೆಪ್ಪುಗಟ್ಟಿದ ರಕ್ತ. ಒಡತಿ ಬಗ್ಗಿ ನೋಡಿದರು. ‘ಇಲ್ಲಿ ಮಲಗಿತ್ತು. ಸುಮ್ಮನೆ ಬಿಟ್ಟಿದ್ದರೆ ಇಲ್ಲೇ ಮುಗಿಯುತ್ತಿತ್ತು. ಏನೋ ಸದ್ದು ಕೇಳಿ ಎದ್ದಿದೆ.’ ನಾನು ತಿರುಗಿ ನೋಡಿದೆ. ಅಲ್ಲಿಂದ ನನ್ನ ಮರ, ಏಣಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಇಳಿಯುವುದನ್ನು ಅದು ಮಲಗಿಕೊಂಡೇ ನೋಡಿತ್ತು. ಯಜಮಾನರು ನನ್ನ ಮುಖ ನೋಡಲಿಲ್ಲ. ಜೇಬಿನಿಂದ ಟಾಯ್ಲೆಟ್ ಪೇಪರ್ ಹರಿದು, ಗುರುತಿಗೆ ಕೊಂಬೆಗೆ ಸಿಕ್ಕಿಸಿ ಮುಂದೆ ನಡೆದರು.

ಅಲ್ಲಿಂದ ರಕ್ತವೇ ಇಲ್ಲ. ಐವತ್ತು ಗಜಕ್ಕೆ ಒಂದು ಹನಿ, ಅದೂ ಮೇಪಲ್ ಎಲೆಯ ಕೆಂಪು ಚುಕ್ಕೆಯೋ ರಕ್ತವೋ ತಿಳಿಯದಂತೆ. ನಾವಿಬ್ಬರೇ ಆಗಿದ್ದರೆ ಅಲ್ಲಿಗೇ ಸೋಲುತ್ತಿದ್ದೆವು. ನಾಯಿ ಮಾತ್ರ ತಲೆ ಎತ್ತಲಿಲ್ಲ. ಜೌಗಿನೊಳಗೆ ಇಳಿಯಿತು, ಮೊಣಕಾಲುದ್ದ ನೀರಿನಲ್ಲಿ ಎರಡು ಸಲ ನನ್ನ ಬೂಟು ಹೂತು ಹೋಯಿತು. ಒಂದು ಕಡೆ ದಾರಿ ತಪ್ಪಿ, ಸುತ್ತು ಹಾಕಿ, ತಾನೇ ವಾಪಸ್ ಬಂದು ಸರಿಪಡಿಸಿಕೊಂಡಿತು. ಮುಕ್ಕಾಲು ಗಂಟೆಯ ಮೇಲೆ, ಮೊದಲ ಹಾಸಿಗೆಯಿಂದ ಮುನ್ನೂರು ಗಜ ಆಚೆ, ಜೊಂಡಿನ ನಡುವೆ ಜಿಂಕೆ ಸಿಕ್ಕಿತು. ಮೈ ಸೆಟೆದಿತ್ತು. ನಾಯಿ ಅದರ ತೊಡೆಯ ಕೂದಲು ಹಿಡಿದು ಜಗ್ಗಿತು, ತಾನೇ ಹೊಡೆದ ಹಾಗೆ.

‘ಹತ್ತು ನಿಮಿಷ’ ಎಂದೆ ಯಜಮಾನರಿಗೆ. ‘ಅರ್ಧ ಗಂಟೆಯಲ್ಲ.’

‘ಗೊತ್ತು’ ಎಂದರು. ‘ಆ ಕಡೆ ಕಾಲು ಹಿಡಿ.’

ಉಳಿದದ್ದು ಕೆಲಸ. ಅಲ್ಲೇ ಕರುಳು ತೆಗೆದೆವು, ಬಾಣ ಯಕೃತ್ತಿನ ನಡುವೆಯೇ ಹೋಗಿತ್ತು. 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವರದಿ ಮಾಡಬೇಕೆಂಬ ನಿಯಮ 2022ರಿಂದ ಇದೆ, ಅಂದೇ ಮಾಡಿದೆ. ಹೆಂಡತಿಯ ಷರತ್ತಿನಿಂದ ಒಳ್ಳೆಯದೇ ಆಯಿತು. ಮಾಂಸ ಯಜಮಾನರ ತಣ್ಣನೆ ಶೆಡ್ಡಿನಲ್ಲಿ ದೀಪಾವಳಿ ಮುಗಿಯುವವರೆಗೆ ತೂಗಿ ಹದವಾಯಿತು. ತಲೆಯನ್ನು ಪರೀಕ್ಷೆಗೆ ಕೊಟ್ಟೆ. ಜಿಂಕೆಗಳ ಮಿದುಳು ತಿನ್ನುವ ಸಿಡಬ್ಲ್ಯುಡಿ ಎಂಬ ರೋಗ ಮಿಶಿಗನ್ ಕಾಡಿನ ಜಿಂಕೆಗಳಲ್ಲಿ 2015ರಿಂದ ಇದೆ, ವರದಿ ಬರುವವರೆಗೆ ನಾನು ಮಾಂಸ ಮುಟ್ಟುವುದಿಲ್ಲ. ರೋಗವಿಲ್ಲ ಎಂದು ಬಂತು. ಕೊಬ್ಬಿಲ್ಲದ ಮಾಂಸ, ಬೇಗ ಗಟ್ಟಿಯಾಗುತ್ತದೆ. ಕುಕ್ಕರ್ ಬೇಡ, ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿ, ಮೆಣಸು ಜಾಸ್ತಿ ಹಾಕಿ, ಕಡುಬಿನ ಜೊತೆ.

ಆ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ನಿಮ್ಮಜ್ಜ ಈಡು ಹೊಡೆದ ಮೇಲೆ ಒಂದು ಕವಳ ಹಾಕಿ, ಅದು ಮುಗಿದು ಉಗಿಯುವವರೆಗೆ ಮರ ಇಳಿಯುತ್ತಿರಲಿಲ್ಲ’ ಎಂದರು. ಆಮೇಲೆ, ‘ನಾಯಿಗೆ ಪಾಲು ಕೊಟ್ಟೆಯಾ?’

ಕೊಟ್ಟಿರಲಿಲ್ಲ. ಅವರ ಕಾಲದಲ್ಲಿ ಬೇಟೆಗೆ ಬಂದ ಪ್ರತಿ ನಾಯಿಗೂ ಒಂದು ಪಾಲು ಇತ್ತಂತೆ. ವರದಿ ಬಂದ ಶನಿವಾರ ಎರಡು ಕಿಲೋ ಕಟ್ಟಿಕೊಂಡು ಆ ಹೆಂಗಸಿನ ಮನೆಗೆ ಹೋದೆ. ನಾಯಿ ಸೋಫಾದ ಮೇಲೆ ಮಕ್ಕಳ ಕಂಬಳಿ ಹೊದ್ದು ಮಲಗಿತ್ತು. ಎದ್ದು ಬಂದು, ಪೊಟ್ಟಣ ಬಿಟ್ಟು, ನನ್ನ ಬೂಟನ್ನೇ ಮೊದಲು ಮೂಸಿತು.