ಹೊರಗಿನವನು ಅನ್ನೋ ಫೀಲಿಂಗಿಂದಾನೇ ಸ್ಟಾರ್ ಆದ್ನಾ?

ಬ್ರಿಟನ್ನಿನ ಕ್ವೀನ್ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಅಷ್ಟು ದೊಡ್ಡ ಸ್ಟಾರ್ ಆಗೋಕೆ ತಾನು ಹೊರಗಿನವನು ಅನ್ನೋ ಫೀಲಿಂಗೇ ಕಾರಣನಾ ಅಂತ ಕೇಳಿದ್ರಲ್ಲ, ಅರ್ಧ ಹೌದು ಅಂತೀನಿ ನಾನು. 1946ರಲ್ಲಿ ಆಫ್ರಿಕಾ ಪಕ್ಕದ ಜಾಂಜಿಬಾರ್ ದ್ವೀಪದಲ್ಲಿ ಪಾರ್ಸಿ ಮನೇಲಿ ಹುಟ್ಟಿದ್ದು, ಆಗಿನ ಹೆಸರು ಫಾರೂಖ್ ಬುಲ್ಸಾರಾ, ಚಿಕ್ಕೋನಿದ್ದಾಗಲೇ ಪಂಚಗಣಿ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ರು, ಆಮೇಲೆ 1964ರಲ್ಲಿ ಜಾಂಜಿಬಾರಲ್ಲಿ ಕ್ರಾಂತಿ ಆಗಿ ಮನೆಯವರೆಲ್ಲ ಇಂಗ್ಲೆಂಡಿಗೆ ಹೊರಟ್ರು, ಅಂದ್ರೆ ಎಲ್ಲಿ ಹೋದ್ರೂ ಬೇರೆ ಕಡೆಯೋನೇ. ಹೀಥ್ರೂ ಏರ್‌ಪೋರ್ಟಲ್ಲಿ ಲಗೇಜ್ ಎತ್ತೋ ಕೆಲ್ಸಾನೂ ಮಾಡಿದ್ದ. ಆದ್ರೆ ಇದನ್ನೆಲ್ಲ ಕಣ್ಣೀರಿನ ಕಥೆ ಮಾಡಿ ಮಾರ್ಕೊಳ್ಳಿಲ್ಲ ನೋಡಿ (ಈಗಿನ ರಿಯಾಲಿಟಿ ಶೋ ಆಗಿದ್ರೆ ಬಿಡ್ತಿದ್ರಾ!), ಹೆಸರೇ ಬದಲಾಯಿಸ್ಕೊಂಡ, ಬಾಲ್ಯದ ಬಗ್ಗೆ ಇಂಟರ್‌ವ್ಯೂಗಳಲ್ಲಿ ಅಷ್ಟಾಗಿ ಬಾಯಿ ಬಿಡ್ತಿರ್ಲಿಲ್ಲ. ಮುಂದಿನ ಹಲ್ಲಿನ ವಿಷ್ಯದಲ್ಲಿ ಭಾರೀ ಸಂಕೋಚ, ನಗೋವಾಗ ತುಟಿ ಎಳ್ಕೊಂಡು ಇಲ್ಲಾ ಕೈ ಅಡ್ಡ ಇಟ್ಕೊಂಡು ಮುಚ್ತಿದ್ದ, ಆದ್ರೂ ಸರಿ ಮಾಡಿಸಿದ್ರೆ ವಾಯ್ಸ್ ಕೆಡುತ್ತೆ ಅಂತ ಡಾಕ್ಟ್ರ ಹತ್ರ ಮುಟ್ಟಿಸ್ಲೇ ಇಲ್ಲ.

ಇನ್ನರ್ಧ ಕಸುಬು. ಸ್ಕೂಲಲ್ಲೇ ಪಿಯಾನೋ, ಬ್ಯಾಂಡು ಎಲ್ಲಾ ಇತ್ತು, ಲಂಡನ್ನಿನ ಈಲಿಂಗ್ ಆರ್ಟ್ ಕಾಲೇಜಲ್ಲಿ ಗ್ರಾಫಿಕ್ ಡಿಸೈನ್ ಓದಿದ್ದ, ಕ್ವೀನ್ ಲೋಗೋ ಅವನೇ ಮಾಡಿದ್ದು. ಹೊರಗಿನವರು ಅನ್ನಿಸ್ಕೊಂಡೋರು ಎಷ್ಟೋ ಜನ ಇದ್ದಾರೆ, ಎಲ್ರೂ 1985ರ ಲೈವ್ ಏಡ್ ಅನ್ನೋ ಸಹಾಯಾರ್ಥ ಸಂಗೀತ ಕಾರ್ಯಕ್ರಮದ ಥರ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ಪೂರ್ತಿ ಹಾಡಿಸೋಕಾಗಲ್ಲ. ಜೊತೆಗೆ ಗಿಟಾರ್ ನುಡಿಸೋ ಬ್ರಯಾನ್ ಮೇ, ಡ್ರಮ್ಸ್ ಬಾರಿಸೋ ರೋಜರ್ ಟೇಲರ್ ಥರದೋರು 1970ರಲ್ಲೇ ಬ್ಯಾಂಡಿಗೆ ಜೊತೆಯಾಗಿದ್ದು ಅದೃಷ್ಟಾನೂ ಹೌದು ಅನ್ಸುತ್ತೆ ನಂಗೆ.