ವರದಿಯಲ್ಲಿ 40 ದೋಷ ಬಂದರೆ ಮನೆ ಕೈಬಿಡಬೇಕಾ?

ಕೊಳ್ಳಬೇಕೆಂದಿರುವ ಮನೆಯ ಇನ್‌ಸ್ಪೆಕ್ಷನ್ (ಕೊಳ್ಳುವ ಮೊದಲು ಮಾಡಿಸುವ ತಪಾಸಣೆ) ವರದಿಯಲ್ಲಿ 40 ದೋಷ ಬಂದಿವೆ, ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದಾರೆ, ಈ ಮನೆ ಬೇಡವಾ ಅಂತ ಕೇಳಿದ್ದೀರಿ. ಸಂಖ್ಯೆ ನೋಡಿ ಸುಮ್ನೆ ಗಾಬರಿಯಾಗಬೇಡಿ. ಸಡಿಲವಾದ ಚಿಲಕ, ತೊಟ್ಟಿಕ್ಕುವ ನಲ್ಲಿ ಎಲ್ಲವನ್ನೂ ಬರೆಯುವುದೇ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಕೆಲಸ. ಇದರಲ್ಲಿ ಪಾಸು, ಫೇಲು ಇರುವುದಿಲ್ಲ.

ಅಡಿಪಾಯ, ಛಾವಣಿ, ವೈರಿಂಗ್, ನೀರಿನ ಸೋರಿಕೆ, ಈ ನಾಲ್ಕನ್ನು ಮೊದಲು ಓದಿ. ಗಾರೆಯ ಮೇಲೆ ಕೂದಲೆಳೆಯಂಥ ಬಿರುಕು ಬಹುತೇಕ ಮನೆಗಳಲ್ಲಿ ಇರುತ್ತದೆ. ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಹತ್ತುವ ಬಿರುಕು ಇದ್ದು, ಬಾಗಿಲುಗಳೂ ಸರಿಯಾಗಿ ಮುಚ್ಚದಿದ್ದರೆ ಅಡಿಪಾಯ ಕುಸಿಯುತ್ತಿರಬಹುದು. ಆಗ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ.

ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದಾರೆ ಅಂದಿರಲ್ಲ, ನನಗೆ ಆ 40ಕ್ಕಿಂತ ಅದರ ಮೇಲೇ ಅನುಮಾನ ಜಾಸ್ತಿ! ತೇವದ ಕಲೆ ಮುಚ್ಚಲು ಹೊಡೆದಿರಬಹುದು. ತೇವ ಅಳೆಯುವ ಮೀಟರ್ ಇಟ್ಟು ನೋಡಿದರಾ ಅಂತ ಕೇಳಿ. ಇನ್‌ಸ್ಪೆಕ್ಟರ್ ಗೋಡೆ ಒಡೆದು ನೋಡುವುದಿಲ್ಲ, ಹೊರಗಿನಿಂದ ತಿಳಿಯುವುದನ್ನಷ್ಟೇ ಬರೆಯುತ್ತಾರೆ. ಗೆದ್ದಲು, ಒಳಚರಂಡಿ ಪೈಪಿನ ತಪಾಸಣೆ ಸಾಮಾನ್ಯವಾಗಿ ಬೇರೆ, ಅದಕ್ಕೆ ಫೀಸೂ ಬೇರೆ.

ಅಂದಹಾಗೆ, ದೋಷ ತೋರಿಸಿದವರೇ ರಿಪೇರಿಯನ್ನೂ ಮಾಡಿಕೊಡ್ತೀವಿ ಅಂದರೆ ಇನ್ನೊಬ್ಬರಿಂದ ನೋಡಿಸಿ. ಮತ್ತೆ ತಪಾಸಣೆ ಮಾಡಿಸುವುದಾದರೆ ನೀವೂ ಜೊತೆಗಿರಿ. ಇನ್‌ಸ್ಪೆಕ್ಟರ್ ಬಾಯಲ್ಲಿ ಹೇಳುವುದೆಲ್ಲ ವರದಿಯಲ್ಲಿ ಬರುವುದಿಲ್ಲ.