ಕ್ಯಾಮೆರಾ ಹಿಡಿದು ಜಗತ್ತು ಸುತ್ತಬೇಕು, ಎಲ್ಲಿಂದ ಶುರು?

ಪ್ರಶ್ನೆ: ನಮ್ಮೂರು ಉಡುಪಿ ಹತ್ತಿರದ ಕಾಪು. ಒಂದು ಹಳೆ ಕ್ಯಾಮೆರಾ ಇದೆ. ದೇಶ ದೇಶ ಸುತ್ತಿ ಕಾಡು, ಜನರ ಆಚರಣೆಗಳ ಫೋಟೋ ತೆಗೆಯುವ ಆಸೆ. ಮೊದಲು ಎಲ್ಲಿಗೆ ಹೋಗಲಿ ಸರ್?

ಉತ್ತರ: ಮಲ್ಪೆಗೆ ಹೋಗಿ. ಸುಮ್ನೆ ಹೇಳ್ತಿಲ್ಲ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಕಂಬದಂಥ ಕಲ್ಲುಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅಂಥವೇ ಲಾವಾ ಕಂಬಗಳು ಮಲ್ಪೆ ಎದುರಿನ ನಿಮ್ಮ ಸೇಂಟ್ ಮೇರೀಸ್ ದ್ವೀಪದಲ್ಲೂ ಇವೆ. ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು!

ಆಮೇಲೆ ಒಂದು ಭೂತಕೋಲಕ್ಕೆ ಹೋಗಿ. ಮನೆಯವರನ್ನು ಕೇಳಿ, ದೈವ ಕಟ್ಟುವವರನ್ನೂ ಕೇಳಿ. ಬೇಡ ಅಂದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಸಂಜೆಯೇ ಹೋಗಿ ಕೂತರೆ ಮುಖಕ್ಕೆ ಹಳದಿ ಬಣ್ಣ ಏರುವುದು, ತೆಂಗಿನ ಎಳೆಗರಿಯನ್ನು ಸಣ್ಣಗೆ ಸೀಳಿ ಸೊಂಟಕ್ಕೆ ಕಟ್ಟುವುದು, ಗಗ್ಗರಕ್ಕೆ ಕೈಮುಗಿದು ಕಾಲಿಗೆ ಹಾಕಿಕೊಳ್ಳುವುದು ಎಲ್ಲ ಹತ್ತಿರದಿಂದ ಕಾಣುತ್ತದೆ, ನನಗಂತೂ ಅದೇ ಇಡೀ ರಾತ್ರಿಯ ಒಳ್ಳೆಯ ಹೊತ್ತು. ಫ್ಲ್ಯಾಶ್ ಬೇಡವೇ ಬೇಡ. 50 ಎಂಎಂ, ಎಫ್ 1.8 ಲೆನ್ಸ್ ಸಾಕು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 3200ಕ್ಕೆ ಇಡಿ. ಹೀಗೆ ಕೇಳಿ ತೆಗೆಯುವ ಅಭ್ಯಾಸ ಭಾಷೆ ಗೊತ್ತಿಲ್ಲದ ಊರಲ್ಲೂ ಕೈಹಿಡಿಯುತ್ತದೆ.

ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಜಾಸ್ತಿ ಅಲ್ವಾ? ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜತೆ ಇಡಿ.

ಆಮೇಲೆ ಕೀನ್ಯಾ. ಅಲ್ಲಿನ ಮಸಾಯಿ ಮಾರಾ ಅಭಯಾರಣ್ಯದಲ್ಲಿ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ನದಿ ದಾಟುವುದನ್ನು ನೋಡಲು ಜುಲೈಯಿಂದ ಅಕ್ಟೋಬರ್ ಒಳ್ಳೆಯ ಸಮಯ. ವಿಮಾನದಲ್ಲಿ ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಬೇಡಿ.